ಹೂಂ ಎನ್ನುತ್ತಿದ್ದ ಅಕ್ಕ

ವಾಗ್ದೇವಿಗೆ ಮೊದಲ ವಂದನೆ. ನುಡಿಯನ್ನು ನಾಲಗೆಗೆ ಕೊಟ್ಟವಳು ಅವಳು. ಆ ನುಡಿಯನ್ನು ಕೇಳುವವರನ್ನು ನನ್ನೆದುರು ಕೂರಿಸಿದವಳೂ ಅವಳೇ. ಓದುವ ಬಗೆಯನ್ನು ಕಲಿಸಿದ ಗುರುಗಳಿಗೆ, ಊರು ಬಿಟ್ಟು ಬಂದ ನನ್ನಂಥವನಿಗೆ ಅನ್ನವನ್ನೂ ನೆರಳನ್ನೂ ಕೊಟ್ಟ ಈ ಪುಣೆಯ ನೆಲಕ್ಕೆ, ತಮ್ಮ ಶನಿವಾರದ ಮಧ್ಯಾಹ್ನಗಳನ್ನು ನನಗೆ ಒಪ್ಪಿಸಿದ ಕೇಳುಗರೆಲ್ಲರಿಗೆ ಕೈಮುಗಿದು ಬರೆಯಲು ಕುಳಿತಿದ್ದೇನೆ.

ಮೊನ್ನೆ ಭೋಸರಿಯ ಕಾರ್ಖಾನೆಯೊಂದರ ಶೆಡ್ಡಿನಿಂದ ನಮ್ಮ ಗ್ರಂಥಾಲಯದ ಪೆಟ್ಟಿಗೆಗಳು ಮರಳಿ ಬಂದವು. ಒಂದನ್ನು ಬಿಚ್ಚಿದಾಗ ಮೂಗಿಗೆ ಮೊದಲು ತಾಗಿದ್ದು ಯಂತ್ರದ ಎಣ್ಣೆಯ ಕಮಟು. ಅದರ ಅಡಿಯಿಂದ, ತಡವಾಗಿ, ಒಣಗಿದ ಬೇವಿನೆಲೆಯ ಕಹಿ ವಾಸನೆ ಮೇಲೆದ್ದಿತು. ಪುಸ್ತಕಗಳ ನಡುನಡುವೆ ಆ ಎಲೆಗಳನ್ನು ಇಟ್ಟು ಪೆಟ್ಟಿಗೆ ಕಟ್ಟಿಸಿದವರು ಗ್ರಂಥಾಲಯದ ಅಕ್ಕ. ಎಲೆ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತ್ತು. ನಾನು ಮುಟ್ಟಲಿಲ್ಲ, ಹಾಗೆಯೇ ಪಕ್ಕದಲ್ಲಿ ಕುಳಿತುಬಿಟ್ಟೆ…

ಬಿಬವೇವಾಡಿಯ ಹಳೆಯ ವಸತಿ ಕಟ್ಟಡವೊಂದರ ನೆಲಮಹಡಿಯಲ್ಲಿ ಆ ಗ್ರಂಥಾಲಯವಿತ್ತು. ಕಿಟಕಿಯ ಹೊರಗೆ ತರಕಾರಿಯವರ ಮರಾಠಿ ಕೂಗು, ಒಳಗೆ ಕಪಾಟಿನ ತುಂಬ ಕನ್ನಡ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಹರಿದದ್ದಕ್ಕೆ ಗೋಂದು ಹಚ್ಚುವುದು, ಬಂದವರಿಗೆ ನೀರು ಕೊಡುವುದು, ಎಲ್ಲವೂ ಅಕ್ಕ ಒಬ್ಬರ ಪಾಲಿನ ಕೆಲಸ. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದ್ದರು. ನನಗಿಂತ ಕಿರಿಯರಾದರೂ ಎಲ್ಲರಂತೆ ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರಿಗೆ ನಾನು ಆಚಾರ್ರು.

ಶನಿವಾರ ಮಧ್ಯಾಹ್ನ ಅಲ್ಲಿ ಕಾವ್ಯವಾಚನ ನಡೆಯುತ್ತಿತ್ತು. ನಾನು ಪದ್ಯವನ್ನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದೆ. ನಮ್ಮ ಗುರುಗಳ ಮನೆಯ ರೂಢಿಯೊಂದುಂಟು. ಪ್ರತಿಯೊಂದು ನಿಲುಗಡೆಯಲ್ಲೂ ಕೇಳುಗರ ಪರವಾಗಿ ಒಬ್ಬರು ‘ಹೂಂ’ ಎನ್ನಬೇಕು. ಕೇಳಿದೆವು, ಮುಂದಕ್ಕೆ ನಡೆಯಲಿ ಎಂದು ಅದರ ಅರ್ಥ. ವಾಚನಕ್ಕೆ ಸಂಕಲ್ಪ ಮಾಡಿದವರೇ ಅದನ್ನು ಹೇಳಬೇಕು; ಅವರಿಗೆ ಆಗದಿದ್ದರೆ ಮಾತ್ರ ಇನ್ನೊಬ್ಬರು. ಆ ಹೂಂ ಬಾರದೆ ಓದುವವನು ಮುಂದಿನ ಪದ್ಯಕ್ಕೆ ಹೋಗುವಂತಿಲ್ಲ. ಸಂಕಲ್ಪ ಯಾವಾಗಲೂ ಅಕ್ಕನದೇ. ಆದರೆ ಅವರು ಎಂದೂ ಒಂದೆಡೆ ಕೂತು ಕೇಳಿದವರಲ್ಲ. ಬಾಗಿಲಿಗೆ ಯಾರೋ ಬಂದರೆಂದು ಏಳುವರು, ಮೇಲಿನ ಹಲಗೆಯ ಪುಸ್ತಕ ಬೇಕೆಂದರೆ ಸ್ಟೂಲು ಹತ್ತುವರು. ಅವರ ಹೂಂ ಕಪಾಟುಗಳ ಸಂದಿಯಿಂದ, ಸ್ಟೂಲಿನ ಮೇಲಿನಿಂದ, ಹಿತ್ತಿಲ ನಲ್ಲಿಯ ಬಳಿಯಿಂದ ಬರುತ್ತಿತ್ತು. ಎಷ್ಟೋ ಕಾವ್ಯಗಳು ಆ ಕೋಣೆಯಲ್ಲಿ ಮಂಗಳವಾದವು; ಒಂದನ್ನೂ ಅವರು ಪೂರ್ತಿ ಕೇಳಿರಲಿಲ್ಲ.

ಮುಂದೆ ಆ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ಏರ್ಪಾಡಾಯಿತು. ಪುಸ್ತಕಗಳು ಪೆಟ್ಟಿಗೆ ಸೇರಿ, ಸದಸ್ಯರೊಬ್ಬರ ಕಾರ್ಖಾನೆಯ ಶೆಡ್ಡಿಗೆ ಹೋದವು. ನಾವು ಚದುರಿದೆವು. ಇನ್ನು ವಾಚನ ಮುಗಿಯಿತೆಂದು ನಾನು ಎಣಿಸಿದ್ದೆ. ಅಕ್ಕ ಮನೆಗೆ ಬಂದು ಫೋನನ್ನು ಮುಂದೆ ಹಿಡಿದರು.

“ಆಚಾರ್ರ, ಆನ್‌ಲೈನ್ ಮಾಡೂಣ್ರಿ. ಈಗ ಪುಸ್ತಕ ಕೊಡೂದಿಲ್ಲ, ತಗೊಳ್ಳೂದಿಲ್ಲ. ಯಾರೂ ಬಾಗಲಾ ಬಡಿಯೂದಿಲ್ಲ. ಈ ಸಲಾ ಒಂದ ಕಾವ್ಯ ಮೊದಲಿಂದ ಮಂಗಳದ ತನಕಾ ಕೂತು ಕೇಳ್ತೀನಿ. ಏಳಂಗೇ ಇಲ್ಲ.”

ಹೊಸ ಸಾಧನಗಳನ್ನು ಅವರು ಒಂದೊಂದಾಗಿ ಹಿಡಿದು ನೋಡಿದರು. ಪುಟಗಳ ಚಿತ್ರ ತೆಗೆದು ಎಲ್ಲರ ಫೋನಿಗೆ ಕಳಿಸಿದರು. ಅರ್ಧ ತಲೆಕೆಳಗಾಗಿ ಬಂದವು. ನನ್ನ ಓದನ್ನು ಚಿತ್ರೀಕರಿಸಿ ಜಾಲದಲ್ಲಿ ಹಾಕಿದರು. ಮತ್ತೆ ಮತ್ತೆ ನೋಡಿದ್ದು ತಾವೊಬ್ಬರೇ ಎಂದು ತಿಳಿದು ತಾವೇ ನಕ್ಕರು. ಕಡೆಗೆ ಮುಖ ಕಂಡು ಮಾತಾಡುವ ಸಭೆಯೇ ಸರಿ ಎಂದಾಯಿತು. ಪುಕ್ಕಟೆಯ ಸಭೆ ನಡುವೆಯೇ ಕಡಿದುಹೋಗುತ್ತಿತ್ತು. ಪರೀಕ್ಷೆಗೆಂದು ಓದುತ್ತಿದ್ದ ಪದ್ಯಗಳಲ್ಲಿ ನಾರಾಯಣನು ಚಕ್ರವನ್ನೆತ್ತುವ ಹೊತ್ತಿಗೆ ಪರದೆ ಕಪ್ಪಾಗುವುದು. “ಇವತ್ತೂ ರಾಕ್ಷಸ ಉಳಕೊಂಡ್ನಲ್ರಿ!” ಎಂದು ಕುರಕುಂಭದ ಕಾಕಾ ಫೋನು ಮಾಡಿ ಗದ್ದಲ ಮಾಡುವರು. ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಂಡು ನಿವೃತ್ತರಾದ ಅವರು, ಮೊದಲೆಲ್ಲ ದೌಂಡಿನ ರೈಲುಗಾಡಿ ಹಿಡಿದು ಪ್ರತಿ ಶನಿವಾರ ಬರುತ್ತಿದ್ದವರು. ಅಕ್ಕನನ್ನು ರೇಗಿಸುವುದೇ ಅವರ ಅರ್ಧ ಸಂತೋಷ. ಆಮೇಲೆ ಸಮಿತಿಯವರು ಕಡಿಯದೆ ನಡೆಯುವ ಖಾತೆಯನ್ನು ಅಕ್ಕನ ಹೆಸರಿನಲ್ಲಿ ಮಾಡಿಸಿಕೊಟ್ಟರು. ಅವರು ಬಾಗಿಲು ತೆರೆದರೆ ಮಾತ್ರ ನಾವು ಒಳಗೆ. ಎಲ್ಲರ ದನಿಯನ್ನೂ ಮುಚ್ಚಿ, ನನ್ನದನ್ನೂ ತಮ್ಮದನ್ನೂ ಮಾತ್ರ ತೆರೆದಿಡಲು ಅವರು ಕಲಿತರು. ಕೈಯಲ್ಲಿ ತುಳಸಿ ಹಿಡಿದು, ಪರದೆಯ ಮುಂದೆಯೇ ಸಂಕಲ್ಪ ಮಾಡಿದರು. ಶ್ರೀಹರಿಯ ಲೀಲೆಗಳನ್ನು ಹೇಳುವ ಒಂದು ದೀರ್ಘ ಕಾವ್ಯವನ್ನು ನಾನು ಎತ್ತಿಕೊಂಡೆ.

ಕೆಲವು ತಿಂಗಳು ಎಲ್ಲವೂ ಸುಗಮವಾಗಿತ್ತು. ಪರದೆಯ ಚೌಕದಲ್ಲಿ ಅಕ್ಕ ಚಾಪೆಯ ಮೇಲೆ ಕೈಕಟ್ಟಿ ಕೂತಿರುವುದು ನನಗೆ ಕಾಣುತ್ತಿತ್ತು. ಅವರು ಹಾಗೆ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅವರ ಹೂಂ ಸ್ವಲ್ಪ ಸ್ವಲ್ಪವೇ ತಡವಾಗತೊಡಗಿತು. ನಾನು ನಿಲ್ಲಿಸಿ ಕಾಯುವೆ; ಒಂದು ಉಸಿರಿನ ಬಳಿಕ ಅದು ಬರುವುದು. ಕೆಲವೊಮ್ಮೆ ಪದ್ಯದ ನಡುವೆ ನಾನು ಉಸಿರು ತೆಗೆದುಕೊಂಡಲ್ಲಿಯೇ ಬಂದುಬಿಡುವುದು.

“ಅಕ್ಕಾರ, ನಿಮ್ಮ ಹೂಂ ನಮ್ಮ ದೌಂಡ್ ಗಾಡಿ ಆಗೇದ ನೋಡ್ರಿ, ಯಾವತ್ತೂ ಲೇಟ!” ಎಂದರು ಕಾಕಾ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕರು, ಎಲ್ಲರ ನಗು ಮುಗಿಯುವ ಹೊತ್ತಿಗೆ. ಮೈಸೂರಿನ ಕಡೆಯಿಂದ ಬಂದು ಇಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ನಮ್ಮ ಕೇಳುಗರಲ್ಲೊಬ್ಬಳು, “ಅಕ್ಕಾ, ನಿಮ್ ಕಡೆ ನೆಟ್‌ವರ್ಕ್ ಲ್ಯಾಗ್ ಆಗ್ತಿದೆ ಅಷ್ಟೆ. ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ” ಎಂದು ಹೇಳಿದಳು. ಅಂದಿನಿಂದ ಪ್ರತಿ ಶನಿವಾರ ವಾಚನಕ್ಕೆ ಮೊದಲು ಅಕ್ಕ ಶ್ರದ್ಧೆಯಿಂದ ಆ ಪೆಟ್ಟಿಗೆಯನ್ನು ಆರಿಸಿ ಹಚ್ಚುತ್ತಿದ್ದರು. ದೂರದ ಮಾತು ತಡವಾಗಿ ಬರುವುದು ಆ ಯಂತ್ರದ ಸಹಜ ಗುಣವೆಂದು ನಾವೆಲ್ಲ ನಂಬಿದ್ದೆವು.

ಒಂದು ಶನಿವಾರ, ಅರ್ಥ ಹೇಳುವ ಮೊದಲು ನಾನು ನೀರು ಕುಡಿಯಲೆಂದು ನಿಲ್ಲಿಸಿದೆ. ಅದೇ ಕ್ಷಣದಲ್ಲಿ ನಮ್ಮ ಅಡಿಗೆಮನೆಯ ಕುಕ್ಕರು ಉದ್ದವಾಗಿ ಸೀಟಿ ಹಾಕಿತು. ಸೀಟಿ ಆರಿತು. ಪರದೆಯಲ್ಲಿ ಅಕ್ಕ ಕಣ್ಣು ಅರೆಮುಚ್ಚಿ, ತಲೆಬಾಗಿ, ತುಂಬು ಭಕ್ತಿಯಿಂದ “ಹೂಂ… ಶ್ರೀಹರಿ” ಎಂದರು.

ಕಾಕಾ ತಮ್ಮ ದನಿ ತೆರೆದು ಬಿದ್ದುಬಿದ್ದು ನಕ್ಕರು. “ಅಕ್ಕಾರು ಕುಕ್ಕರಿಗೂ ಹೂಂ ಅಂದ್ರಲ್ರಿ! ಆಚಾರ್ರ, ಇನ್ನ ನಿಮ್ಮ ಕೆಲಸ ಹೋತು!” ಚೌಕ ಚೌಕಗಳಲ್ಲಿ ಎಲ್ಲರ ಹೆಗಲುಗಳು ಕುಣಿಯುತ್ತಿದ್ದವು. ಅಕ್ಕ ಅವರಿವರ ಮುಖ ನೋಡಿ, ನಗಬೇಕೆಂದು ತಿಳಿದು, ನಕ್ಕರು. ನಾನು ಲೋಟವನ್ನು ಕೆಳಗಿಟ್ಟು ಅವರ ಮುಖವನ್ನೇ ನೋಡಿದೆ.

ಮರುದಿನ ಅವರ ಬಾಡಿಗೆಯ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಬೆನ್ನು ಮಾಡಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. “ಅಕ್ಕಾರ” ಎಂದೆ, ಮತ್ತೆ ಗಟ್ಟಿಯಾಗಿ ಕರೆದೆ. ನನ್ನ ನೆರಳು ಮೊರದ ಮೇಲೆ ಬಿದ್ದಾಗಲೇ ಅವರು ತಿರುಗಿದ್ದು.

“ಅಯ್ಯ, ಆಚಾರ್ರು! ಬರ್ರಿ, ಬರ್ರಿ. ಮೊದಲ ಹೇಳಬಾರದೇನ್ರಿ? ಚಹಾ ಇಡ್ತೀನಿ.”

ನಾನು ಮಾತಾಡದೆ ನನ್ನ ಕಿವಿಯನ್ನು ಮುಟ್ಟಿ ತೋರಿಸಿದೆ. ಅವರ ನಗು ನಿಂತಿತು. ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡರು.

“ಕುಕ್ಕರಿನಾಗ ಸಿಕ್ಕಬಿದ್ನೇನ್ರಿ?… ಕಾಕಾಗ ಗೊತ್ತಾಗೇದೇನು?”

ಇಲ್ಲವೆಂದು ತಲೆಯಾಡಿಸಿದೆ. ನಾನು ನಿಧಾನವಾಗಿ ಆಡಿದ್ದನ್ನು ತುಟಿ ನೋಡಿ ಅವರು ಅಷ್ಟಿಷ್ಟು ಹಿಡಿಯುತ್ತಿದ್ದರು. ವೈದ್ಯರು ಏನೆಂದರೆಂದು ಕೇಳಿದೆ.

“ನರಾನ ಸತ್ತಾವಂತ್ರಿ. ಮಶೀನ್ ಹಾಕ್ಕೊಂಡ್ರ ಬರೇ ಗೊರ್ರ ಗೊರ್ರ. ಭೋಸರಿ ಕಾರಖಾನಿ ಕಿವ್ಯಾಗ ಕೂತಂಗ ಆಗ್ತದ, ಮಾತು ಬರೂದಿಲ್ಲ.” ಆಮೇಲೆ, ಹೊಸ ಪುಸ್ತಕ ತೋರಿಸುವವರ ಉತ್ಸಾಹದಿಂದ ಫೋನನ್ನು ತೆಗೆದರು. “ಸಭಾದಾಗ ಯಾರು ಮಾತಾಡ್ತಾರೋ ಅವ್ರ ಸುತ್ತ ಹಸರ ಗೆರಿ ಬರ್ತದ ನೋಡ್ರಿ. ನಿಮ್ಮ ಸುತ್ತ ಗೆರಿ ಇರೂತನಕಾ ನೀವು ಓದ್ಲಿಕ್ಕತ್ತೀರಿ. ಗೆರಿ ಹೋತಂದ್ರ ನಾ ಹೂಂ. ಕುಕ್ಕರಿಗೂ ಗೆರಿ ಬರ್ತದಂತ ಯಾರಿಗೆ ಗೊತ್ತಿತ್ರಿ?”

ಆಡಿದ ಮಾತನ್ನು ಅಕ್ಷರ ಮಾಡಿ ತೋರಿಸುವ ಸಾಧನವನ್ನೂ ಅವರು ಹುಡುಕಿಕೊಂಡಿದ್ದರು. “ಕಾಕಾ ಚ್ಯಾಷ್ಟಿ ಮಾಡಿದ್ದು ಭೇಷ್ ಬರ್ತದ್ರಿ, ಒಂದ ಅಕ್ಷರಾನೂ ಬಿಡೂದಿಲ್ಲ. ನೀವು ಹಾಡ್ಲಿಕ್ಕೆ ಸುರು ಮಾಡಿದ್ರಿ ಅಂದ್ರ ಅದೂ ನನ್ನಂಗ ಸುಮ್ಮ ಕೂಡ್ತದ.” ನಾನು ಅಲ್ಲಿಯೇ ಒಂದು ಪದ್ಯವನ್ನು ರಾಗವಾಗಿ ಓದಿದೆ. ಫೋನು ಏನನ್ನೂ ಬರೆಯಲಿಲ್ಲ. ರಾಗ ಬಿಟ್ಟು, ಶಾಲೆಯ ಪಾಠದಂತೆ ಒತ್ತಿ ಒತ್ತಿ ಓದಿದೆ. ಹಳೆಯ ಕನ್ನಡ ಅದಕ್ಕೆ ಹತ್ತಲಿಲ್ಲ. ಎಲ್ಲಿಂದಲೋ ಒಂದೆರಡು ಬಿಡಿ ಮಾತು ಬಂದು ಹಾಗೆಯೇ ಅಳಿಸಿಹೋದವು. ನನ್ನ ಐವತ್ತು ವರ್ಷದ ಅಭ್ಯಾಸವೆಲ್ಲ ಆ ಅಂಗೈಯಗಲದ ಗಾಜಿನ ಮುಂದೆ ಕೈಚೆಲ್ಲಿ ನಿಂತಿತ್ತು.

ಮೂಲವನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತೇನೆ, ಓದಿಕೊಳ್ಳಬಹುದಲ್ಲ ಎಂದೆ. ಅವರು ಫೋನನ್ನು ಕೆಳಗಿಟ್ಟರು.

“ಅಕ್ಷರ ಕಾಣ್ತಾವ್ರಿ. ಇಷ್ಟ ವರ್ಷ ಅಕ್ಷರಾನ ನೋಡೇನಲ್ರಿ… ಕೇಳಬೇಕಂತಿತ್ತು.”

ಎಲ್ಲರಿಗೂ ತಿಳಿಸೋಣ, ಹೂಂ ಎನ್ನುವುದನ್ನು ಕಾಕಾ ನೋಡಿಕೊಳ್ಳಲಿ ಎಂದೆ. ಅವರು ಕೈ ಅಡ್ಡ ಮಾಡಿದರು.

“ಬ್ಯಾಡ್ರಿ ಆಚಾರ್ರ. ನಕ್ಕರ ನಕ್ಕೊಳ್ಳಿ, ಅದು ಚಂದ. ಪಾಪ ಅಂದ್ರು ಅಂದ್ರ ಮುಗೀತು. ಶನಿವಾರ ಎಲ್ಲಾರೂ ನನ್ನ ಮಾರಿ ನೋಡ್ಕೋತ ಕೂಡ್ತಾರ, ಕಾವ್ಯ ಯಾರು ಕೇಳ್ತಾರ್ರಿ? ಮಂಗಳದ ತನಕಾ ನನ್ನ ಹೂಂ ನಡೀಲಿ. ಅಷ್ಟ ಮಾಡ್ರಿ.”

ಅಷ್ಟನ್ನು ಮಾಡಿದೆ. ನಿಲುಗಡೆ ಬಂದಾಗ ಪರದೆಯ ಮುಂದೆ ಅಂಗೈ ಎತ್ತುವುದೆಂದು ನಮ್ಮಿಬ್ಬರೊಳಗೆ ಗೊತ್ತಾಯಿತು. ಉಳಿದವರು ಅದನ್ನು ಆಶೀರ್ವಾದವೆಂದು ತಿಳಿದರು. ಪ್ರತಿ ಭಾಗ ಆರಂಭಿಸುವ ಮೊದಲು, ಅಂದಿನ ರಾಗದ ಹೆಸರನ್ನು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸುತ್ತಿದ್ದೆ. ಭೀಮಪಲಾಸ ಎಂದೋ, ಯಮನ್ ಎಂದೋ ಕಂಡೊಡನೆ ಅಕ್ಕ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಹಿಂದೆ ಎಂದೋ ಸ್ಟೂಲಿನ ಮೇಲೆ ನಿಂತು ಕೇಳಿದ್ದು ಒಳಗೆ ಉಳಿದಿತ್ತೋ ಏನೋ… ನಾನು ಕೇಳಲಿಲ್ಲ.

ಹೂಂ ಹೊತ್ತಿಗೆ ಸರಿಯಾಗಿ ಬರತೊಡಗಿತು. “ಅಕ್ಕಾರ ಗಾಡಿ ಟೈಮಿಗೆ ಬರ್ಲಿಕ್ಕತ್ತದಲ್ರಿ! ಇಂಜಿನ್ ಬದಲಿ ಮಾಡಿಸಿದ್ರೇನು?” ಎಂದರು ಕಾಕಾ. “ನೋಡಿದ್ರಾ ಅಕ್ಕಾ, ರೌಟರ್ ರೀಸ್ಟಾರ್ಟ್ ವರ್ಕ್ ಆಯ್ತು!” ಎಂದಳು ಮೈಸೂರಿನ ಕಡೆಯವಳು, ತನ್ನ ಮದ್ದು ನಾಟಿದ ಹೆಮ್ಮೆಯಿಂದ. ಅಕ್ಕ ಅದನ್ನು ಅಕ್ಷರದಲ್ಲಿ ಓದಿ, ಅವಳಿಗೆ ಕೈಮುಗಿದರು.

ಆ ಶನಿವಾರಗಳ ಸಂಕಟವನ್ನು ಹೇಗೆ ಹೇಳಲಿ? ಕೃಷ್ಣನ ಬಾಲಲೀಲೆಯನ್ನು ಓದುವಾಗ ಉಳಿದವರ ಕಣ್ಣು ತುಂಬುತ್ತಿದ್ದವು. ಅಕ್ಕನ ಕಣ್ಣು ನನ್ನ ಕೈಯ ಮೇಲಿರುತ್ತಿತ್ತು. ಎಲ್ಲರಿಗಿಂತ ಹೆಚ್ಚು ಹಂಬಲಿಸಿದವರಿಗೆ ನಾನು ಕೊಡಬಲ್ಲವನಾಗಿದ್ದದ್ದು ನಿಲುಗಡೆಗಳನ್ನು ಮಾತ್ರ. ಅವುಗಳ ನಡುವೆ ಇದ್ದುದನ್ನಲ್ಲ. ದೇವರ ಮುಂದೆ ಕೂತು, ಇನ್ನೊಂದು ಸಲವಾದರೂ, ಒಂದು ಪದ್ಯವಾದರೂ, ಎಂದು ಬೇಡಿಕೊಂಡದ್ದುಂಟು. ಪೂಜೆ ಮುಗಿಸಿ ಏಳುವಾಗ ಮೊಣಕಾಲು ನೋಯುತ್ತಿತ್ತು, ಅಷ್ಟೇ.

ಹಾಗೂ ಹೀಗೂ ಕಡೆಯ ಸಂಧಿಗೆ ಬಂದೆವು. ಮುಂದಿನ ಶನಿವಾರ ಮಂಗಳ ಎಂದು ಹೇಳಿದಾಗ ಅಕ್ಕನ ಮುಖ ಅರಳಿತು. “ಎಲ್ಲಾರೂ ಅಕ್ಷತಿ ತಗೊಂಡು ಕೂಡ್ರಿ. ಸಿಹಿ ಏನರ ಮಾಡ್ಕೊಳ್ರಿ. ಕಾಕಾ, ನೀವು ಅಂಗಿ ಹಾಕ್ಕೊಂಡು ಬರ್ರಿ, ಬನೀನಿನ ಮ್ಯಾಲ ಬ್ಯಾಡ” ಎಂದು ತಾಕೀತು ಮಾಡಿದರು. ಆ ದಿನ ಬಂದಿತು. ನಾನು ಮಡಿಯುಟ್ಟು, ದೀಪ ಹಚ್ಚಿ, ಫೋನಿನ ಮುಂದೆ ಕುಳಿತು ಸಭೆಯ ಕೊಂಡಿಯನ್ನು ಒತ್ತಿದೆ. ಸಭೆ ಕರೆದವರು ಇನ್ನೂ ಬಂದಿಲ್ಲ, ದಯವಿಟ್ಟು ಕಾಯಿರಿ ಎಂಬರ್ಥದ ಒಂದು ಸಾಲು ಪರದೆಯ ಮೇಲೆ ಬಂದು ನಿಂತಿತು. ಕಾದೆ. ಸಾಲು ಹೋಗಲಿಲ್ಲ.

ಕಾಕಾ ಫೋನು ಮಾಡಿದರು. “ಆಚಾರ್ರ, ಅಕ್ಕಾರು ಬಾಗಲಾನ ತಗೀವಲ್ರು. ಇಸ್ತ್ರಿ ಅಂಗಿ ಹಾಕ್ಕೊಂಡು ಕೂತೀನ್ರಿ ನಾ. ಫೋನ್ ಹಚ್ಚೇ ಹಚ್ಚಲಿಕ್ಕತ್ತೀವಿ ಎಲ್ಲಾರೂ. ರಿಂಗ್ ಆಗ್ತದ, ಎತ್ತವಲ್ರು. ಸಿಟ್ಟಾಗ್ಯಾರೇನು?”

“ಫೋನ್ ಮಾಡಬ್ಯಾಡ್ರಿ ಕಾಕಾ. ಅವ್ರಿಗೆ ಕೇಳಸೂದಿಲ್ಲ.”

“ಅಂದ್ರ?”

“ಭಾಳ ದಿವಸಾತ್ರಿ. ಏನೂ ಕೇಳಸೂದಿಲ್ಲ.”

ಕಾಕಾ ಸಣ್ಣ ದನಿಯಲ್ಲಿ ಕೇಳಿದರು, “ಹಂಗಾದ್ರ ನಾ ಚ್ಯಾಷ್ಟಿ ಮಾಡಿದ್ದು…?”

“ಅದನ್ನ ಮಾತ್ರ ಪೂರಾ ಓದ್ತಿದ್ರು” ಎಂದೆ. ಅವರು ಫೋನು ಇಟ್ಟರು.

ರಿಕ್ಷಾ ಹಿಡಿದು ಹೋದೆ. ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಹೊರಬಂದು, “ಅಕ್ಕಾಂನಾ ದವಾಖಾನ್ಯಾತ ನೇಲಂಯ, ಆಜೋಬಾ” ಎಂದು ಮರಾಠಿಯಲ್ಲಿ, ಅಕ್ಕನನ್ನು ಆಸ್ಪತ್ರೆಗೆ ಒಯ್ದಿದ್ದಾರೆಂದು, ಹೇಳಿದರು. ಬೆಳಿಗ್ಗೆ ಅಡಿಗೆಮನೆಯಲ್ಲಿ ಕುಸಿದು ಬಿದ್ದಿದ್ದರಂತೆ, ತಲೆಯೊಳಗೆ ರಕ್ತಸ್ರಾವವಂತೆ. ಓಣಿಯವರು ಸೇರಿ ಆಸ್ಪತ್ರೆಗೆ ಸಾಗಿಸಿದ್ದರು. ಅಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲಿನ ಗಾಜಿನಿಂದ ನೋಡಬಹುದೆಂದರು. ಮಂಗಳಕ್ಕೆಂದು ಉಟ್ಟಿದ್ದ ಇಳಕಲ್ ಸೀರೆಯ ಮೇಲೆ ಆಸ್ಪತ್ರೆಯ ಹೊದಿಕೆ ಹೊದಿಸಿದ್ದರು. ನನಗೆ ಬರುತ್ತಿದ್ದದ್ದು ಎರಡೇ. ಕಡೆಯ ಸಂಧಿಯ ಮೊದಲ ಪದ್ಯವನ್ನು ಗಾಜಿನ ಹೊರಗೆ ನಿಂತು ಮೆಲ್ಲಗೆ ಹೇಳಿದೆ, ಅವರಿಗೆ ಕೇಳುವಂತಿರಲಿಲ್ಲ. ಅಂಗೈ ಎತ್ತಿದೆ, ಅವರ ಕಣ್ಣು ಮುಚ್ಚಿದ್ದವು. ಹೂಂ ಬರಲಿಲ್ಲ. ಎರಡನೆಯ ಪದ್ಯಕ್ಕೆ ಹೋಗುವ ಅಧಿಕಾರ ನನಗಿರಲಿಲ್ಲ. ಮರುದಿನ ಸಂಜೆ ಅವರು ಹೋದರು…

ಇದಾಗಿ ಕೆಲವು ವರ್ಷಗಳಾದವು. ಈಗ ಹೊಸ ಕಟ್ಟಡ ಎದ್ದಿದೆ. ಗ್ರಂಥಾಲಯಕ್ಕೆ ಬೆಳಕಿರುವ ಕೋಣೆ ಸಿಕ್ಕಿದೆ, ಲಿಫ್ಟ್ ಇದೆ, ಪುಸ್ತಕಗಳು ಬಂದಿವೆ. ನಿಂತುಹೋದ ಆ ಸಂಧಿಯನ್ನು ಓದಿ ಮುಗಿಸಿಬಿಡಿ, ಒಳ್ಳೆಯದಾಗುತ್ತದೆ ಎಂದು ಸಮಿತಿಯವರು ಹೇಳುತ್ತಿದ್ದಾರೆ. ಶಾಸ್ತ್ರದ ಪ್ರಕಾರ ಅವರ ಮಾತು ಸರಿ. ಹೂಂ ಎನ್ನುವಿರಾ ಎಂದು ಕಾಕಾ ಅವರನ್ನು ಕೇಳಿದರೆ, “ನನ್ನ ಕೈಲೆ ಆಗೂದಿಲ್ರಿ” ಎನ್ನುತ್ತಾರೆ. ನನ್ನ ಕೈಲೂ ಇನ್ನೂ ಆಗಿಲ್ಲ.

ಇಂದಿಗೂ ಶನಿವಾರ ಬೆಳಗಾದರೆ ನನ್ನ ಫೋನಿಗೆ ಒಂದು ಕರೆಯೋಲೆ ಬರುತ್ತದೆ, ಅಕ್ಕ ಕಾವ್ಯವಾಚನಕ್ಕೆ ಕರೆದಿದ್ದಾರೆ ಎಂದು. ಮೈಸೂರಿನ ಕಡೆಯ ಆ ಮಗಳನ್ನು ಕೇಳಿದೆ. “ಅಕ್ಕ ಅದನ್ನ ಪ್ರತಿ ವಾರ ಬರೋ ಹಾಗೆ ಸೆಟ್ ಮಾಡಿದಾರೆ ಸಾರ್. ಕೊನೇ ದಿನ ಯಾವುದು ಅಂತ ಕೇಳುತ್ತೆ, ಅಲ್ಲಿ ಏನೂ ಹಾಕಿಲ್ಲ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ನಾವು ನಿಲ್ಸಕ್ಕಾಗಲ್ಲ” ಎಂದಳು. ನಿಲ್ಲಿಸಬೇಡ ತಾಯಿ ಎಂದೆ. ಕರೆ ಬಂದಾಗ ನಾನು ಒತ್ತುತ್ತೇನೆ. ಕಾಕಾ ಕೂಡ ಒತ್ತುತ್ತಾರಂತೆ. ಮೊನ್ನೆ ತಾವಾಗಿಯೇ ಹೇಳಿದರು. ಕರೆದವರು ಇನ್ನೂ ಬಂದಿಲ್ಲ, ಕಾಯಿರಿ ಎಂಬ ಸಾಲು ಬರುತ್ತದೆ. ಒಬ್ಬರಿಗೊಬ್ಬರು ಕಾಣದೆ, ಅವರವರ ಮನೆಯಲ್ಲಿ, ಸ್ವಲ್ಪ ಹೊತ್ತು ಕಾಯುತ್ತೇವೆ.

ಕೇಳಬಯಸಿ ಕೇಳಲಾರದೆ ಹೋದ ಆ ತಾಯಿಗೆ ಹರಿಯ ಸನ್ನಿಧಿಯಲ್ಲಿ ಎಲ್ಲವೂ ಕೇಳುವಂತಾಗಲಿ. ರೇಗಿಸಿದ ಕಾಕಾಗೆ ಮನಸ್ಸಿನ ಭಾರ ಇಳಿಯಲಿ. ಮದ್ದು ಹೇಳಿದ ಮಗಳು ಸುಖವಾಗಿರಲಿ. ಪುಸ್ತಕಗಳಿಗೆ ನೆರಳು ಕೊಟ್ಟ ಭೋಸರಿಯವರ ಯಂತ್ರಗಳು ನಿಲ್ಲದೆ ತಿರುಗಲಿ, ಅಕ್ಕನನ್ನು ಎತ್ತಿ ಸಾಗಿಸಿದ ಓಣಿಯವರ ತೋಳುಗಳಿಗೆ ಬಲವಿರಲಿ. ಎಲ್ಲಿಯೋ ಕೂತು ಆ ಹಸಿರು ಗೆರೆಯನ್ನು ಮಾಡಿದವರು, ನನಗೆ ಗುರುತಿಲ್ಲದವರು, ಅವರ ಮನೆಗಳೂ ತಣ್ಣಗಿರಲಿ. ಶುಭಮಸ್ತು.